ಗಾಜು ಹಳೇದು, ಲೆಕ್ಕ ಹೊಸದು

ಫೈಬರ್ ಪರೀಕ್ಷಿಸುವ ಓಟಿಡಿಆರ್ ಯಂತ್ರದ ಪರದೆಯ ಮೇಲೆ ಗೆರೆ ಎಡದಿಂದ ಬಲಕ್ಕೆ ನೀಟಾಗಿ ಇಳಿದಿರುತ್ತದೆ. ಎಲ್ಲೂ ಮೆಟ್ಟಿಲಿಲ್ಲ, ಗುಬುಟಿಲ್ಲ. ಜಾಯಿಂಟುಗಳೆಲ್ಲ ಅಚ್ಚುಕಟ್ಟು. ಆ ತುದಿಯಲ್ಲಿ ಬೆಳಕಿಗೇನೂ ಕೊರತೆಯಿಲ್ಲ. ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ರೂಟು ಅದು. ವೇಗವನ್ನು ನಾಲ್ಕು ಪಟ್ಟು ಏರಿಸೋಣ ಎಂದು ಹೊಸ ಕಾರ್ಡು ಹಾಕಿದರೆ ಲಿಂಕ್ ಏಳುವುದೇ ಇಲ್ಲ. ಎದ್ದರೂ ತಪ್ಪುಗಳ ಎಣಿಕೆ ಓಡತೊಡಗುತ್ತದೆ. "ಸಾರ್, ಪವರ್ ಚೆನ್ನಾಗೇ ಬರ್ತಿದೆ, ಆದ್ರೂ ಎರರ್" ಎಂದು ಆ ಕಡೆಯ ಹುಡುಗ ಫೋನಿನಲ್ಲಿ ಹೇಳುತ್ತಾನೆ. ಫೈಬರ್ ಕೆಲಸಕ್ಕೆ ಹೊಸದಾಗಿ ಬಂದವರು ತಬ್ಬಿಬ್ಬಾಗುವ ಜಾಗ ಇದು. ಬೆಳಕು ತಲುಪುತ್ತಿದೆ ಅಂದಮೇಲೆ ಇನ್ನೇನು ಬೇಕು?

ಬೆಳಕು ತಲುಪಿದರೆ ಸಾಲದು. ಹೊರಡುವಾಗ ಒಂದೊಂದು ಮಿಣುಕು ಹೇಗೆ ಬಿಡಿಬಿಡಿಯಾಗಿತ್ತೋ ತಲುಪುವಾಗಲೂ ಹಾಗೇ ಇರಬೇಕು. ಓಟಿಡಿಆರ್ ಬೆಳಕು ಎಷ್ಟು ಸೋರಿತು ಎಂದು ಹೇಳುತ್ತದೆ, ಎಷ್ಟು ಹರಡಿತು ಎಂದು ಹೇಳುವುದಿಲ್ಲ. ಆ ಹರಡುವಿಕೆಗೆ ನಮ್ಮ ಕಸುಬಿನಲ್ಲಿ ಡಿಸ್ಪರ್ಷನ್ ಅನ್ನುತ್ತೇವೆ. ಅಳೆಯಲು ಬೇರೆಯೇ ಯಂತ್ರ ಬೇಕು.

ನಾನು ಬೆಳ್ಳಂದೂರಿನವನು. ಕೆರೆ ಕೆಳಗೆ ನಮ್ಮ ತಂದೆಯವರ ಕಾಲಕ್ಕೆ ಗದ್ದೆ, ತರಕಾರಿ ಇದ್ದವು. ಆ ನೆಲದ ಮೇಲೆ ಈಗ ಏನಿದೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಕೇಬಲ್ ಜಾಯಿಂಟ್ ಹಾಕುವುದರಿಂದ ಶುರುಮಾಡಿ ಈಗ ರೂಟುಗಳನ್ನು ಟೆಸ್ಟ್ ಮಾಡಿ ಒಪ್ಪಿಸುವ ಕೆಲಸಕ್ಕೆ ಬಂದಿದ್ದೇನೆ. ಇಬ್ಬಲೂರಿನಿಂದ ಮಾರತ್‌ಹಳ್ಳಿವರೆಗೆ ಹೊರವರ್ತುಲ ರಸ್ತೆಯ ಸರ್ವಿಸ್ ರೋಡಿನಡಿ ಯಾವ ಚೇಂಬರಿನಲ್ಲಿ ನೀರು ನಿಲ್ಲುತ್ತದೆ, ಯಾವ ಡಕ್ಟ್ ಮೆಟ್ರೋ ಕಂಬಕ್ಕೆ ಸಿಕ್ಕಿ ಸುತ್ತು ಹಾಕಿದೆ ಎಂಬುದು ಕಾಲಿಗೇ ಗೊತ್ತು. ನನ್ನ ಅಕ್ಕನ ಮಗಳು ಅದೇ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ಫೈಬರ್ ತುದಿಗೆ ಹಾಕುವ ಚಿಪ್ಪಿನ ಲೆಕ್ಕ ಬರೆಯುತ್ತಾಳೆ. ಅವಳ ಕೆಲಸ ನನ್ನ ಕೆಲಸವನ್ನು ಹೇಗೆ ಬದಲಿಸಿತು ಎಂದು ಹೇಳಬೇಕಾದರೆ ಮೊದಲು ಸೋರಿಕೆಯ ಕಥೆಯನ್ನು ಬೇಗ ಮುಗಿಸಿಬಿಡಬೇಕು.

1966ರಲ್ಲಿ ಇಂಗ್ಲೆಂಡಿನ ಹಾರ್ಲೊ ಊರಿನ ಪ್ರಯೋಗಾಲಯವೊಂದರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಒಂದು ಪ್ರಬಂಧ ಬರೆದರು. ಗಾಜಿನ ಎಳೆಯಲ್ಲಿ ಒಂದು ಕಿಲೋಮೀಟರ್ ಹೋದಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ದೂರವಾಣಿಗೆ ಸಾಕು, ಅಷ್ಟು ಶುದ್ಧ ಗಾಜು ಮಾಡುವುದು ಅಸಾಧ್ಯವೇನಲ್ಲ ಎಂಬುದು ಅವರ ವಾದ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ ಅದನ್ನು ಮಾಡಿ ತೋರಿಸಿದರು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇವತ್ತು ನಾನು ಜಾಯಿಂಟ್ ಹಾಕುವ ಸಾಮಾನ್ಯ ಫೈಬರಿನಲ್ಲಿ ಆ ನೂರರಲ್ಲೊಂದು ಪಾಲು ಉಳಿಯುವುದು ಒಂದು ಕಿಲೋಮೀಟರಿಗಲ್ಲ, 100 ಕಿಲೋಮೀಟರಿಗೆ. ಅದಕ್ಕೂ ದೂರ ಹೋಗಬೇಕಾದರೆ ನಡುವೆ ಬೆಳಕನ್ನು ಬೆಳಕಾಗಿಯೇ ಹಿಗ್ಗಿಸುವ ಆಂಪ್ಲಿಫೈಯರ್ ಇದೆ. ಎರ್ಬಿಯಂ ಬೆರೆಸಿದ ಫೈಬರಿನಿಂದ ಮಾಡುವ ಅದು 1987ರ ಹೊತ್ತಿಗೆ ಬಂತು. ಬೆಳಕು ಮಂಕಾಗುವ ಸಮಸ್ಯೆ ಅಲ್ಲಿಗೆ ಬಹುಮಟ್ಟಿಗೆ ತೀರಿತು. ಹರಡುವ ಸಮಸ್ಯೆ ಮಾತ್ರ ಆಂಪ್ಲಿಫೈಯರಿನಿಂದ ತೀರುವಂಥದ್ದಲ್ಲ. ಕಲಸಿಹೋದದ್ದನ್ನು ಹಿಗ್ಗಿಸಿದರೆ ಸಿಗುವುದು ಇನ್ನಷ್ಟು ಪ್ರಖರವಾದ ಕಲಸುಮೇಲೋಗರ, ಅಷ್ಟೆ.

ಊರಹಬ್ಬದಲ್ಲಿ ತಮಟೆ ಬಾರಿಸುವಾಗ ಗುಡಿಯ ಮುಂದೆ ನಿಂತರೆ ಒಂದೊಂದು ಪೆಟ್ಟೂ ಎದೆಗೇ ಬೀಳುತ್ತದೆ. ಅದೇ ತಮಟೆಯನ್ನು ಕೆರೆಯ ಆಚೆ, ಯಮಲೂರು ಕಡೆಯಿಂದ ಕೇಳಿ. ಸದ್ದು ನೇರವಾಗಿ ಬರುವುದೊಂದು, ಕಟ್ಟಡಕ್ಕೆ ಬಡಿದು ತಡವಾಗಿ ಬರುವುದು ಇನ್ನೊಂದು. ನಿಧಾನವಾಗಿ ಬಾರಿಸುವಷ್ಟು ಹೊತ್ತು ಪೆಟ್ಟುಗಳನ್ನು ಎಣಿಸಬಹುದು. ಗತ್ತು ಏರಿದಂತೆ ಒಂದರ ಬಾಲ ಇನ್ನೊಂದರ ತಲೆಗೆ ತಗುಲಿ, ಕೊನೆಗೆ ಕಿವಿಗೆ ಬೀಳುವುದು ಒಂದೇ ಗುಂಯ್ ಅನ್ನುವ ಮೊರೆತ. ಸದ್ದು ಕಡಿಮೆಯಾದದ್ದಕ್ಕೆ ಎಣಿಕೆ ತಪ್ಪಿದ್ದಲ್ಲ, ಪೆಟ್ಟುಗಳ ನಡುವಿನ ಮೌನ ತುಂಬಿಹೋದದ್ದಕ್ಕೆ. ಫೈಬರಿನಲ್ಲೂ ವೇಗ ಹೆಚ್ಚಿಸಿದಾಗಲೇ ಹರಡುವಿಕೆ ಕಚ್ಚುವುದು. ಹಳೆ ಕಾರ್ಡಿಗೆ ಸರಿಯಾಗಿದ್ದ ರೂಟು ಹೊಸ ಕಾರ್ಡಿಗೆ ಆಗದಿರುವುದಕ್ಕೆ ಕಾರಣ ಇದು.

ಮಿಣುಕುಗಳ ಅಳತೆ ಹೇಳಿದರೆ ಇದು ಎಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ಅಂದರೆ 1,000 ಕೋಟಿ ಮಿಣುಕುಗಳ ಜಾಗ. ಒಂದೊಂದರ ಪಾಲಿಗೆ ಬರುವುದು 100 ಪಿಕೋಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ಪಿಕೋಸೆಕೆಂಡ್. ಆ 100 ಪಿಕೋಸೆಕೆಂಡಿನಲ್ಲಿ ಬೆಳಕು ಗಾಜಿನೊಳಗೆ ಸಾಗುವ ದೂರ ಲೆಕ್ಕ ಹಾಕಿದರೆ, 10 ಗಿಗಾಬಿಟ್ ಲಿಂಕಿನಲ್ಲಿ ಒಂದು ಮಿಣುಕು ಗಾಜಿನ ಎಳೆಯಲ್ಲಿ ಹಿಡಿಯುವ ಜಾಗ ಬರೀ 2 ಸೆಂಟಿಮೀಟರ್. ಒಂದು ಬೆರಳಗಲದ ಅಂಥ ಬೆಳಕಿನ ತುಂಡು 80 ಕಿಲೋಮೀಟರ್ ಓಡಿದ ಮೇಲೂ ಹೆಚ್ಚುಕಡಿಮೆ ಒಂದು ಬೆರಳಗಲವೇ ಇರಬೇಕು. ಇದು ನಾವು ಗಾಜಿನಿಂದ ಕೇಳುವ ಮಾತು.

ಹರಡಲು ಮೊದಲ ಕಾರಣ ದಾರಿ. ಫೈಬರಿನ ನಡುವಣ ತಿರುಳು ದಪ್ಪವಾಗಿದ್ದರೆ ಬೆಳಕಿಗೆ ಹಲವು ದಾರಿಗಳು: ಕೆಲವು ಕಿರಣ ನೆಟ್ಟಗೆ ನಡುವೆಯೇ ಹೋಗುತ್ತವೆ, ಕೆಲವು ಅಂಚಿಗೆ ಬಡಿದು ಬಡಿದು ಅಂಕುಡೊಂಕಾಗಿ ಹೋಗುತ್ತವೆ. ತಿರುಳಿಗೂ ಹೊದಿಕೆಗೂ ಗಾಜಿನ ಗುಣದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೆ, ಒಂದೇ ಕಿಲೋಮೀಟರಿನಲ್ಲಿ ಮೊದಲು ಬಂದ ಕಿರಣಕ್ಕೂ ಕೊನೆಗೆ ಬಂದದ್ದಕ್ಕೂ ಸುಮಾರು 50 ನ್ಯಾನೋಸೆಕೆಂಡ್ ಅಂತರ. ಗಾಜಿನೊಳಗಿನ ಉದ್ದದಲ್ಲಿ ಹೇಳಿದರೆ 10 ಮೀಟರ್! ಇದಕ್ಕೆ ಸಿಕ್ಕ ಮೊದಲ ಪರಿಹಾರ ಜಾಣತನದ್ದು. ತಿರುಳಿನ ನಡುವೆ ಗಾಜನ್ನು ಬೆಳಕಿಗೆ ನಿಧಾನವಾಗುವಂತೆ, ಅಂಚಿಗೆ ಹೋದಂತೆ ಬೇಗವಾಗುವಂತೆ ಮಾಡಿದರು. ಸುತ್ತಿ ಹೋಗುವ ಕಿರಣ ದೂರ ಹೆಚ್ಚು ನಡೆದರೂ ಅಂಚಿನಲ್ಲಿ ಬೇಗ ಓಡಿ ಜೊತೆಯವರನ್ನು ಹಿಡಿಯುತ್ತದೆ. ಹರಡುವಿಕೆ ನೂರಾರು ಪಟ್ಟು ತಗ್ಗಿತು.

ಈ ಜಾತಿಯ ಫೈಬರ್ ಈಗಲೂ ಬದುಕಿದೆ. ಹೊರವರ್ತುಲ ರಸ್ತೆಯ ಯಾವುದೇ ಟೆಕ್ ಪಾರ್ಕಿನ ಸರ್ವರ್ ರೂಮಿಗೆ ಹೋದರೆ ತಿಳಿ ಹಸಿರುನೀಲಿ ಪ್ಯಾಚ್ ಕಾರ್ಡುಗಳ ಗೊಂಚಲು ಕಾಣುತ್ತದೆ. ಅದರ ತಿರುಳು 50 ಮೈಕ್ರಾನ್ ದಪ್ಪ. 10 ಗಿಗಾಬಿಟ್ಟನ್ನು ಓಎಂ3 ದರ್ಜೆಯದು 300 ಮೀಟರ್, ಓಎಂ4 ದರ್ಜೆಯದು 400 ಮೀಟರ್ ಒಯ್ಯುತ್ತದೆ. ಕಟ್ಟಡದೊಳಗೆ ಅಷ್ಟು ಸಾಕು. ನಮ್ಮ ದೇಶದಲ್ಲಿ ಮೊದಲ ಫೈಬರ್ ವ್ಯವಸ್ಥೆ 1979ರಲ್ಲಿ ಪುಣೆಯ ದೂರವಾಣಿ ವಿನಿಮಯ ಕೇಂದ್ರಗಳ ನಡುವೆ ಶುರುವಾದಾಗಲೂ ಮಾತು ಊರೊಳಗಿನದೇ ಆಗಿತ್ತು.

ಊರು ದಾಟಬೇಕಾದಾಗ ದಾರಿಗಳನ್ನು ಸರಿದೂಗಿಸುವುದು ಸಾಲದಾಯಿತು, ಒಂದೇ ದಾರಿ ಬಿಟ್ಟು ಉಳಿದವನ್ನು ಮುಚ್ಚಬೇಕಾಯಿತು. ತಿರುಳನ್ನು ಸುಮಾರು 9 ಮೈಕ್ರಾನಿಗೆ ಇಳಿಸಿದರೆ ಬೆಳಕಿಗೆ ಹೋಗಲು ಒಂದೇ ರೀತಿ ಉಳಿಯುತ್ತದೆ. ಸಿಂಗಲ್ ಮೋಡ್ ಅನ್ನುವುದು ಇದನ್ನೇ. ಹೇಳುವುದು ಸುಲಭ, ಕೂದಲಿಗಿಂತ ಎಷ್ಟೋ ಸಣ್ಣದಾದ ಎರಡು ತಿರುಳುಗಳನ್ನು ತುದಿಗೆ ತುದಿ ಕೂಡಿಸಿ ಬೆಸೆಯುವ ಕಷ್ಟ ಜಾಯಿಂಟ್ ಹಾಕುವವನಿಗೆ ಗೊತ್ತು. ಮಳೆಗಾಲದಲ್ಲಿ, ಚೇಂಬರಿನಿಂದ ಕೊಚ್ಚೆ ಎತ್ತಿ ಹಾಕಿ, ವ್ಯಾನಿನ ಹಿಂದೆ ಸ್ಪ್ಲೈಸಿಂಗ್ ಮೆಷೀನ್ ಇಟ್ಟುಕೊಂಡು ಕೂತರೆ, ಕ್ಲೀವರಿನಲ್ಲಿ ಎಳೆ ಕತ್ತರಿಸುವಾಗ ಒಂದು ಧೂಳಿನ ಕಣ ಕೂತರೂ ಮತ್ತೆ ಮೊದಲಿನಿಂದ. ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣ ನೋಡಿ ಕೂಡಿಸುತ್ತಾ 96 ಕೋರ್ ಮುಗಿಸುವ ಹೊತ್ತಿಗೆ ಬೆಳಗಾಗಿರುತ್ತದೆ. ಯಂತ್ರವೇ ಈಗ ತಿರುಳನ್ನು ಕ್ಯಾಮೆರಾದಲ್ಲಿ ನೋಡಿ ಸರಿಮಾಡಿಕೊಳ್ಳುತ್ತದೆ, ನಿಜ. ಆದರೆ ಎಳೆಯನ್ನು ಒರೆಸುವ ಕೈ ಇನ್ನೂ ಮನುಷ್ಯನದೇ.

ದಾರಿ ಒಂದೇ ಆದಮೇಲೆ ಎರಡನೆಯ ಕಾರಣ ತಲೆ ಎತ್ತಿತು: ಬಣ್ಣ. ಲೇಸರ್ ಅಂದರೆ ಒಂದೇ ಬಣ್ಣ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಪೂರ್ತಿ ನಿಜವಲ್ಲ. ಅದರಲ್ಲೂ ಲೇಸರನ್ನು ಸೆಕೆಂಡಿಗೆ ಸಾವಿರ ಕೋಟಿ ಸಲ ಆರಿಸಿ ಹೊತ್ತಿಸಿದರೆ, ಎಷ್ಟೇ ಶುದ್ಧ ಬಣ್ಣವಾದರೂ ಅಕ್ಕಪಕ್ಕದ ಬಣ್ಣಗಳಿಗೆ ಚೂರು ಹಬ್ಬಿಯೇ ಹಬ್ಬುತ್ತದೆ. ಇದು ಲೇಸರಿನ ದೋಷವಲ್ಲ; ಎಷ್ಟು ಬೇಗ ಬೇಗ ಮಿಣುಕಿಸುತ್ತೀರೋ ಅಷ್ಟು ಬಣ್ಣ ಅಗಲವಾಗುತ್ತದೆ, ಅದು ಪ್ರಕೃತಿಯ ನಿಯಮ. ಗಾಜೋ, ಒಂದೊಂದು ಬಣ್ಣವನ್ನು ಒಂದೊಂದು ವೇಗದಲ್ಲಿ ಬಿಡುತ್ತದೆ. ಒಂದೇ ಮಿಣುಕಿನೊಳಗಿನ ಒಂದು ಪಾಲು ಮುಂದೆ ಓಡಿ, ಇನ್ನೊಂದು ಹಿಂದೆ ಉಳಿದು, ಮಿಣುಕು ಉದ್ದವಾಗುತ್ತದೆ.

ಇಲ್ಲಿ ಗಾಜು ಒಂದು ಕುಚೋದ್ಯ ಮಾಡಿದೆ. ಸಾಮಾನ್ಯ ಫೈಬರಿನಲ್ಲಿ 1310 ನ್ಯಾನೋಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕು ಹೆಚ್ಚುಕಡಿಮೆ ಹರಡುವುದೇ ಇಲ್ಲ. ಆದರೆ ಅತಿ ಕಡಿಮೆ ಸೋರುವುದು 1550ರಲ್ಲಿ. ಮೇಲೆ ಹೇಳಿದ ಎರ್ಬಿಯಂ ಆಂಪ್ಲಿಫೈಯರ್ ಕೆಲಸ ಮಾಡುವುದೂ 1550ರ ಸುತ್ತಲೇ. ಅಲ್ಲಿ ಹರಡುವಿಕೆ ಕಿಲೋಮೀಟರಿಗೆ, ಒಂದು ನ್ಯಾನೋಮೀಟರ್ ಬಣ್ಣದ ಅಗಲಕ್ಕೆ, 17 ಪಿಕೋಸೆಕೆಂಡ್. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.

ಈ 17 ನನ್ನ ಕಸುಬಿನಲ್ಲಿ ಮಗ್ಗಿಯಂತೆ ಬಾಯಿಗೆ ಬರುವ ಸಂಖ್ಯೆ. 80 ಕಿಲೋಮೀಟರಿಗೆ 1,360. 10 ಗಿಗಾಬಿಟ್ ಬೆಳಕಿನ ಬಣ್ಣದ ಅಗಲ ಸುಮಾರು 0.08 ನ್ಯಾನೋಮೀಟರ್. ಗುಣಿಸಿದರೆ 109 ಪಿಕೋಸೆಕೆಂಡ್. ಮಿಣುಕಿನ ಜಾಗವೇ 100 ಪಿಕೋಸೆಕೆಂಡ್ ಅಂದಮೇಲೆ ಒಂದು ಪೂರ್ತಿ ಇನ್ನೊಂದರ ಮೇಲೆ ಬಿತ್ತು ಎಂದೇ ಅರ್ಥ. ಇದಕ್ಕಿಂತ ಕೆಟ್ಟದ್ದು ವರ್ಗದ ಲೆಕ್ಕ. ವೇಗ ನಾಲ್ಕು ಪಟ್ಟಾದರೆ ಬಣ್ಣದ ಅಗಲ ನಾಲ್ಕು ಪಟ್ಟು ಹೆಚ್ಚುತ್ತದೆ, ಮಿಣುಕಿನ ಜಾಗ ನಾಲ್ಕರಲ್ಲೊಂದಾಗುತ್ತದೆ. ಎರಡೂ ಸೇರಿ ತಾಳಿಕೊಳ್ಳಬಲ್ಲ ದೂರ ಹದಿನಾರರಲ್ಲೊಂದು. ಸಾಮಾನ್ಯ ಫೈಬರಿನಲ್ಲಿ 2.5 ಗಿಗಾಬಿಟ್ ಸುಮಾರು 1,000 ಕಿಲೋಮೀಟರ್ ತಾಳುತ್ತದೆ. 10 ಗಿಗಾಬಿಟ್ 60. 40 ಗಿಗಾಬಿಟ್ ಬರೀ 4. ನಾಲ್ಕು ಕಿಲೋಮೀಟರ್ ಅಂದರೆ ಬೆಳ್ಳಂದೂರಿನಿಂದ ಹೊರಟು ಮಾರತ್‌ಹಳ್ಳಿ ಸೇತುವೆ ತಲುಪುವುದೂ ಅನುಮಾನ.

ಪರಿಹಾರ ಹುಡುಕಿದವರು ಮೊದಲು ಕೈಹಾಕಿದ್ದು ಗಾಜಿಗೇ. ತಿರುಳಿನ ಆಕಾರ ಬದಲಿಸಿದರೆ ಹರಡುವಿಕೆ ಸೊನ್ನೆಯಾಗುವ ಬಣ್ಣವನ್ನು 1310ರಿಂದ 1550ಕ್ಕೆ ಸರಿಸಬಹುದು. ಸರಿಸಿದರು. ಎಂಬತ್ತರ ದಶಕದಲ್ಲಿ ಬಂದ ಆ ಫೈಬರ್ ಕಾಗದದ ಮೇಲೆ ಪರಿಪೂರ್ಣ: ಸೋರಿಕೆಯೂ ಕನಿಷ್ಠ, ಹರಡುವಿಕೆಯೂ ಸೊನ್ನೆ. ಜಪಾನಿನವರು ಅದನ್ನೇ ದೊಡ್ಡ ಪ್ರಮಾಣದಲ್ಲಿ ಹಾಸಿದರು. ಆಮೇಲೆ ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳನ್ನು ಒಟ್ಟಿಗೆ ಕಳಿಸುವ ಡಬ್ಲ್ಯುಡಿಎಂ ಬಂತು, ಪರಿಪೂರ್ಣತೆಯೇ ಮುಳುವಾಯಿತು. ಹರಡುವಿಕೆ ಇಲ್ಲವೆಂದರೆ ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋಗುತ್ತವೆ. ಕಿಲೋಮೀಟರುಗಟ್ಟಲೆ ಹಾಗೆ ಅಂಟಿಕೊಂಡು ಹೋದ ಬೆಳಕುಗಳು ಗಾಜಿನೊಳಗೇ ಪರಸ್ಪರ ಬೆರೆತು, ನಾವು ಕಳಿಸದೇ ಇದ್ದ ಹೊಸ ಬಣ್ಣಗಳನ್ನು ಹುಟ್ಟಿಸುತ್ತವೆ. ಬಣ್ಣಗಳನ್ನು ಸಮ ಅಂತರದಲ್ಲಿ ಇಟ್ಟಿದ್ದರೆ ಈ ಹೊಸಬರು ನೆಟ್ಟಗೆ ಹಳಬರ ಜಾಗದಲ್ಲೇ ಬಂದು ಕೂರುತ್ತಾರೆ. ಕೊನೆಗೆ ತೊಂಬತ್ತರ ದಶಕದಲ್ಲಿ, ಬೇಕೆಂದೇ ಸ್ವಲ್ಪ ಹರಡುವಿಕೆ ಉಳಿಸಿದ ಇನ್ನೊಂದು ಫೈಬರ್ ಮಾಡಬೇಕಾಯಿತು. ತಾಂತ್ರಿಕ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ಇದು. ಕಾಟವನ್ನು ಬೇರುಸಹಿತ ಕಿತ್ತಮೇಲೆ, ಆ ಕಾಟವೇ ಇನ್ನೊಂದು ಕಾಟವನ್ನು ತಡೆದು ನಿಂತಿತ್ತು ಎಂದು ತಿಳಿಯುವುದು!

ಈ ಎಲ್ಲ ಗದ್ದಲದ ನಡುವೆ ಕರ್ನಾಟಕ ಎಲ್ಲಿತ್ತು? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದೊಂದಿಗೆ ಅದರ ಸಂಪರ್ಕ ಉಪಗ್ರಹದ ಮೂಲಕ. ದೂರವಾಣಿ ಯಂತ್ರ ಮಾಡುವ ಐಟಿಐ 1948ರಿಂದಲೇ ನಮ್ಮ ಪಕ್ಕದ ದೂರವಾಣಿ ನಗರದಲ್ಲಿತ್ತು. ಆದರೆ ಬೆಳಕಿನ ಜಾಲಕ್ಕೆ ಬೇಕಾದ ಪೆಟ್ಟಿಗೆಗಳ ಕಥೆಯಲ್ಲಿ ನಾನು ಮುಖ್ಯವೆಂದುಕೊಳ್ಳುವ ಹೆಸರುಗಳು ಎರಡು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ 1998ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೈಕಮೋರ್ ನೆಟ್‌ವರ್ಕ್ಸ್ ಎಂಬ ಬೆಳಕು ಜಾಲದ ಕಂಪನಿಯನ್ನು ಜೊತೆಗಾರರೊಡನೆ ಕಟ್ಟಿದರು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಕುಮಾರ್ ಶಿವರಾಜನ್, ರಾಜೀವ್ ರಾಮಸ್ವಾಮಿ ಅವರೊಂದಿಗೆ ಸೇರಿ ಬರೆದ ಆಪ್ಟಿಕಲ್ ಜಾಲಗಳ ಪಠ್ಯಪುಸ್ತಕ ಹೊರಬಂತು; ನನ್ನ ಅಕ್ಕನ ಮಗಳ ಮೇಜಿನ ಮೇಲೆ ಅದು ಈಗಲೂ ಇದೆ. 2000ದಲ್ಲಿ ಶಿವರಾಜನ್, ಸಂಜಯ್ ನಾಯಕ್, ಅರ್ನಬ್ ರಾಯ್ ಸೇರಿ ತೇಜಸ್ ನೆಟ್‌ವರ್ಕ್ಸ್ ಶುರುಮಾಡಿದರು. ದೇಶಪಾಂಡೆಯವರ ಬೆಂಬಲವೂ ಅದಕ್ಕಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆನಿಂತು, ಫೈಬರಿನ ಎರಡೂ ತುದಿಗೆ ಬೇಕಾದ ಯಂತ್ರಗಳನ್ನು ಇಲ್ಲೇ ವಿನ್ಯಾಸ ಮಾಡಿದ ಕಂಪನಿ ಅದು. ಅದು ಶುರುವಾಗಿ ಎರಡು ವರ್ಷಕ್ಕೆ, 2002ರಲ್ಲಿ, ಚೆನ್ನೈನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರಿನ ಐ2ಐ ಕಡಲಡಿ ಕೇಬಲ್ ಬಂತು. ಬೆಂಗಳೂರಿನ ದತ್ತಾಂಶ 350 ಕಿಲೋಮೀಟರ್ ದೂರದ ಚೆನ್ನೈ ಕಡಲತೀರಕ್ಕೆ ಓಡತೊಡಗಿತು. ಅಷ್ಟು ದೂರ 10 ಗಿಗಾಬಿಟ್ ಓಡಿಸಬೇಕು, ನೆಲದಲ್ಲಿರುವುದು ಹೆಚ್ಚಾಗಿ ಸಾಮಾನ್ಯ ಫೈಬರು. ಕಿತ್ತು ಹೊಸದು ಹಾಸುವವರು ಯಾರು?

ಆಗ ಬಂದದ್ದು ನಾವು ಡಿಸಿಎಂ ಎಂದು ಕರೆಯುವ ಡಬ್ಬ. ರ‍್ಯಾಕಿನಲ್ಲಿ ಕೂರುವ ಚಪ್ಪಟೆ ಪೆಟ್ಟಿಗೆ, ಒಳಗೆ ಸುತ್ತಿಟ್ಟ ಫೈಬರ್. ಆ ಫೈಬರ್ ಹರಡುವುದು ಉಲ್ಟಾ: ನೆಲದಡಿಯ ಎಳೆ ಯಾವ ಬಣ್ಣವನ್ನು ಹಿಂದೆ ಬಿಟ್ಟಿತ್ತೋ ಅದನ್ನು ಇದು ಮುಂದೆ ಓಡಿಸುತ್ತದೆ. ಕಿಲೋಮೀಟರಿಗೆ ಮೈನಸ್ 100ರಷ್ಟು. 80 ಕಿಲೋಮೀಟರಿನ 1,360ನ್ನು ತೀರಿಸಲು ಹದಿಮೂರೂವರೆ ಕಿಲೋಮೀಟರ್ ಸುರುಳಿ ಸಾಕು. ಲೆಕ್ಕ ಚೊಕ್ಕ. ಆದರೆ ಎಲ್ಲಿಗೂ ಹೋಗದ, ಡಬ್ಬದೊಳಗೇ ಗಿರಕಿ ಹೊಡೆಯುವ ಆ ಹದಿಮೂರೂವರೆ ಕಿಲೋಮೀಟರಿನಲ್ಲೂ ಬೆಳಕು ಸೋರುತ್ತದೆ, ಅದನ್ನು ತುಂಬಲು ಇನ್ನೊಂದು ಆಂಪ್ಲಿಫೈಯರ್ ಬೇಕು. ಸುಮಾರು 70 ಮೈಕ್ರೋಸೆಕೆಂಡ್ ತಡ ಬೇರೆ. ರೂಟು ಬದಲಾದರೆ ಡಬ್ಬವೂ ಬದಲಾಗಬೇಕು. 60 ಕಿಲೋಮೀಟರಿನದೊಂದು, 80ರದೊಂದು, 40ರದೊಂದು ಎಂದು ಸ್ಟೋರಿನಲ್ಲಿ ಸಾಲುಸಾಲು. ಸುರುಳಿಯ ಬದಲು ಗೀರುಗಳ ಸಾಲು ಕೊರೆದ ಗೇಣುದ್ದದ ಫೈಬರಿನಿಂದಲೂ ಇದನ್ನೇ ಮಾಡಬಹುದಿತ್ತು: ಒಂದು ಬಣ್ಣ ಹತ್ತಿರದ ಗೀರಿನಲ್ಲಿ ಮರಳುತ್ತದೆ, ಇನ್ನೊಂದು ದೂರದ್ದರಲ್ಲಿ. ಅಂಥ ಗೀರು ಫೈಬರನ್ನೇ ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಮತ್ತು ಅವರ ವಿದ್ಯಾರ್ಥಿಗಳು ಒತ್ತಡ, ಎಳೆತ ಅಳೆಯುವ ಸೆನ್ಸರುಗಳಾಗಿ ಬಹಳ ಕಾಲ ದುಡಿಸಿಕೊಂಡರು.

ಮೂರನೆಯದೊಂದು ಹರಡುವಿಕೆ ಇದೆ, ಅದು ಅಳತೆಯಲ್ಲಿ ಸಣ್ಣದಾದರೂ ಗುಣದಲ್ಲಿ ತುಂಟ. ಬೆಳಕಿನ ಅಲೆ ಮೇಲೆ ಕೆಳಗೆ ತೂಗಬಹುದು, ಅಡ್ಡಡ್ಡವೂ ತೂಗಬಹುದು. ತಿರುಳು ಪೂರ್ತಿ ಗುಂಡಗಿದ್ದರೆ ಎರಡೂ ಸಮ. ಎಲ್ಲೋ ಕೇಬಲ್ ತಿರುಚಿದೆ, ಎಲ್ಲೋ ಕ್ಲಾಂಪ್ ಬಿಗಿಯಾಗಿದೆ, ಒಂದು ತೂಗು ಮುಂದಾಗುತ್ತದೆ, ಇನ್ನೊಂದು ಹಿಂದಾಗುತ್ತದೆ. ಬಿಸಿಲೇರಿದರೆ ಒಂದು ಲೆಕ್ಕ, ಕೇಬಲ್ ಅಲುಗಿದರೆ ಇನ್ನೊಂದು. ಹೊಸ ಫೈಬರಿನಲ್ಲಿ 100 ಕಿಲೋಮೀಟರಿಗೆ 2 ಪಿಕೋಸೆಕೆಂಡ್ ಮೀರುವುದಿಲ್ಲ. ತೊಂಬತ್ತರ ದಶಕಕ್ಕೆ ಮುಂಚೆ ಹಾಸಿದ ಕೆಲವದರಲ್ಲಿ ಅದರ ಹತ್ತು ಪಟ್ಟಿರುವುದೂ ಉಂಟು. ಕ್ಷಣಕ್ಷಣಕ್ಕೂ ಬದಲಾಗುವ ಇದನ್ನು ಸ್ಥಿರವಾದ ಯಾವ ಡಬ್ಬವೂ ಸರಿಮಾಡಲಾರದು. ಬೆಳಕಿನ ಈ ತೂಗಾಟದ ಗಣಿತದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತರುಣ ಎಸ್. ಪಂಚರತ್ನಂ 1956ರಲ್ಲೇ ಮಹತ್ವದ ಕೆಲಸ ಮಾಡಿದ್ದರು. ಆಗ ಫೈಬರ್ ಸಂಪರ್ಕದ ಮಾತೇ ಇರಲಿಲ್ಲ.

ಡಬ್ಬಗಳ ಕಾಲ ಮುಗಿಸಿದ್ದು ಚಿಪ್ಪು. "ಮಾವ, ನೀವು ಇಷ್ಟು ದಿನ ಬೆಳಕಿನ ಅರ್ಧ ಸುದ್ದೀನೇ ಓದ್ತಿದ್ರಿ" ಅಂದಳು ಅಕ್ಕನ ಮಗಳು, ಮೊದಲ ಸಲ ವಿವರಿಸುವಾಗ.

"ಏನಮ್ಮಾ ಹಂಗಂದ್ರೆ?"

"ಬೆಳಕು ಇದೆಯಾ ಇಲ್ವಾ, ಅಷ್ಟೇ ತಾನೇ ನೋಡ್ತಿದ್ದಿದ್ದು? ಅಲೆ ಏರ್ತಿದೆಯೋ ಇಳೀತಿದೆಯೋ ಅನ್ನೋದು ಅಲ್ಲೇ ಬಿಸಾಕಿಬಿಡ್ತಿದ್ರಿ."

ಅವಳು ಹೇಳಿದ್ದು ಇಷ್ಟು. ಹಳೆಯ ರಿಸೀವರ್ ಬೆಳಕಿನ ಪ್ರಖರತೆಯನ್ನು ಮಾತ್ರ ಅಳೆಯುತ್ತಿತ್ತು. ಹೊಸದರಲ್ಲಿ ಬರುವ ಬೆಳಕನ್ನು ಅಲ್ಲೇ ಇರುವ ಇನ್ನೊಂದು ಲೇಸರಿನ ಬೆಳಕಿನೊಂದಿಗೆ ಬೆರೆಸಿ, ಅಲೆಯ ಎತ್ತರವನ್ನೂ ಅದು ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನೂ, ಎರಡೂ ತೂಗುಗಳಲ್ಲಿ, ಸಂಖ್ಯೆಗಳಾಗಿ ಬರೆದುಕೊಳ್ಳುತ್ತಾರೆ. ಕೊಹೆರೆಂಟ್ ಎಂದು ಇದರ ಹೆಸರು. ಅಷ್ಟು ಸಿಕ್ಕರೆ ಸಾಕು. ಯಾಕೆಂದರೆ ಹರಡಿದ್ದು ಕಳೆದುಹೋದದ್ದಲ್ಲ! ಒಂದು ಬಣ್ಣ ಮುಂಚೆ ಬಂತು, ಒಂದು ತಡವಾಗಿ ಬಂತು. ಬರಬೇಕಾದ್ದೆಲ್ಲ ಬಂದೇ ಇದೆ. ಯಾವ ಬಣ್ಣ ಎಷ್ಟು ತಡ ಎಂಬುದು ಅಚ್ಚುಕಟ್ಟಾದ ಒಂದು ಸೂತ್ರ. ಚಿಪ್ಪು ಆ ಸಂಖ್ಯೆಗಳನ್ನು ಬಣ್ಣಬಣ್ಣವಾಗಿ ಬಿಡಿಸಿ, ಮುಂಚೆ ಬಂದದ್ದನ್ನು ಅಷ್ಟೇ ಹೊತ್ತು ತಡೆದು, ಮತ್ತೆ ಕೂಡಿಸುತ್ತದೆ. ತೂಗುಗಳ ತುಂಟತನವನ್ನೂ ಅದು ಸೆಕೆಂಡಿಗೆ ಸಾವಿರಾರು ಸಲ ಹಿಂಬಾಲಿಸಿ ಬಿಡಿಸುತ್ತದೆ.

2010ರ ಸುಮಾರಿಗೆ 100 ಗಿಗಾಬಿಟ್ ಕೊಹೆರೆಂಟ್ ಯಂತ್ರಗಳು ಬಂದವು. 2020ರಲ್ಲಿ 400ಝಡ್‌ಆರ್ ಎಂಬ ಒಪ್ಪಿತ ಮಾನದಂಡ ಬಂತು: ಸ್ವಿಚ್ಚಿಗೆ ನೇರವಾಗಿ ಸಿಕ್ಕಿಸುವ, ಬೆರಳುದ್ದದ ಮಾಡ್ಯೂಲ್, 400 ಗಿಗಾಬಿಟ್, 120 ಕಿಲೋಮೀಟರ್ ದೂರ. ಬೆಳ್ಳಂದೂರಿನಿಂದ ಮಂಡ್ಯದಷ್ಟು ದೂರ ಅನ್ನಿ. ಅದರಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ಸಂಕೇತಗಳು, ಒಂದೊಂದರಲ್ಲೂ 8 ಬಿಟ್. ಗಾಜಿನೊಳಗೆ ಒಂದು ಸಂಕೇತದ ಉದ್ದ ಮೂರೂವರೆ ಮಿಲಿಮೀಟರ್ ಮುಟ್ಟುವುದಿಲ್ಲ. 120 ಕಿಲೋಮೀಟರ್ ದಾಟುವ ಹೊತ್ತಿಗೆ ಒಂದೊಂದು ಸಂಕೇತವೂ ಹರಡಿ ಸುಮಾರು 60 ಸಂಕೇತಗಳ ಮೇಲೆ ಹಾಸಿಕೊಂಡಿರುತ್ತದೆ. ಕಣ್ಣಿಗೆ ತೋರಿಸಿದರೆ ಬರೀ ಗದ್ದಲ. ಚಿಪ್ಪು ಅದನ್ನು ಬಿಡಿಸುತ್ತದೆ, ಹದಿನೈದು ವಾಟ್ ಆಸುಪಾಸಿನ ವಿದ್ಯುತ್ತಿನಲ್ಲಿ. ಇಂಥ ಯಂತ್ರಗಳನ್ನು ಮಾಡುವ ಸಿಸ್ಕೋದ ದೊಡ್ಡ ಕ್ಯಾಂಪಸ್ ಕಾಡುಬೀಸನಹಳ್ಳಿಯಲ್ಲಿದೆ. ಹರಡಿದ ಬೆಳಕನ್ನು ಬಿಡಿಸುವ ಇಂಥ ಲೆಕ್ಕ ಬರೆಯುವವರಲ್ಲಿ ಹಲವರು ಕೂರುವುದು ನಾನು ಚೇಂಬರ್ ತೆಗೆಯುವ ರಸ್ತೆಯ ಪಕ್ಕದಲ್ಲೇ.

ರ‍್ಯಾಕುಗಳಿಂದ ಡಿಸಿಎಂ ಡಬ್ಬಗಳನ್ನು ಬಿಚ್ಚಿ ಇಳಿಸುವ ಕೆಲಸವೂ ನಮ್ಮ ಪಾಲಿಗೆ ಬಂತು. ಸುರುಳಿ ತೆಗೆದ ಕೂಡಲೇ ಸೋರಿಕೆ ತಗ್ಗಿತು, ತಡವೂ ತಗ್ಗಿತು. ಇನ್ನೂ ಸೋಜಿಗದ್ದು ಬೇರೆ ಇದೆ. ಹರಡುವಿಕೆ ಹೆಚ್ಚಿರುವ ಹಳೆಯ ಸಾಮಾನ್ಯ ಫೈಬರೇ ಈಗ ಮೇಲು. ಬಣ್ಣಗಳು ಅಲ್ಲಿ ಹೆಚ್ಚು ಹೊತ್ತು ಜೊತೆಯಾಗಿ ಹೋಗುವುದಿಲ್ಲವಾದ್ದರಿಂದ ಬೆರೆತು ಕೆಡುವುದು ಕಡಿಮೆ. ಹೆಚ್ಚು ದುಡ್ಡು ಕೊಟ್ಟು ವಿಶೇಷ ಫೈಬರ್ ಹಾಸಿದವರು ಕೈಕೈ ಹಿಸುಕಿಕೊಳ್ಳುವಂತಾಯಿತು. ನೆಲದಡಿ ಏನು ಹೂಳಬೇಕು ಎಂದು ನನ್ನನ್ನು ಕೇಳಿದರೆ ನಾನು ಹೇಳುವುದು ಒಂದೇ: ಸಾಮಾನ್ಯದ್ದನ್ನೇ ಹೂಳಿ, ಚೆನ್ನಾಗಿ ಹೂಳಿ, ಜಾಣತನವನ್ನು ತುದಿಗಳಲ್ಲಿಡಿ. ತುದಿಯನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬಹುದು. ಹೊರವರ್ತುಲ ರಸ್ತೆ ಅಗೆಯಲು ಅನುಮತಿ ಪಡೆಯುವುದು ಏನೆಂದು ಪಡೆದವರಿಗೇ ಗೊತ್ತು.

ಅಪಾರ್ಟ್‌ಮೆಂಟಿನವರು ಈ ಕಥೆ ಕೇಳಿ, ನಮ್ಮ ಮನೆ ನೆಟ್ ನಿಧಾನವಾಗಿರುವುದು ಇದರಿಂದಲೇ ಏನು ಎಂದು ಕೇಳುತ್ತಾರೆ. ಅಲ್ಲ. ಮನೆಗೆ ಬರುವ ಸಾಮಾನ್ಯ ಫೈಬರಿನಲ್ಲಿ ಓಡುವುದು 2.5 ಗಿಗಾಬಿಟ್, ದೂರ ಹೆಚ್ಚೆಂದರೆ 20 ಕಿಲೋಮೀಟರ್. ಆ ವೇಗಕ್ಕೆ ಅಷ್ಟು ದೂರದ ಹರಡುವಿಕೆ ಲೆಕ್ಕಕ್ಕೇ ಇಲ್ಲ. ವೈಫೈ ಪೆಟ್ಟಿಗೆಯನ್ನು ಟಿವಿಯ ಹಿಂದೆ ಬಚ್ಚಿಟ್ಟಿದ್ದೀರಾ ನೋಡಿ.

ಕಾಟವಾಗಿದ್ದ ಹರಡುವಿಕೆ ಈಗ ನನಗೆ ಅಳತೆಗೋಲಾಗಿದೆ. ಹೊಸ ಮಾಡ್ಯೂಲ್ ಸಿಕ್ಕಿಸಿದ ಕೂಡಲೇ ಚಿಪ್ಪು ಒಂದಾದಮೇಲೊಂದು ಸಂಖ್ಯೆ ಹಾಕಿ ನೋಡಿ, ಈ ರೂಟಿನ ಒಟ್ಟು ಹರಡುವಿಕೆ ಇಷ್ಟು ಎಂದು ತಾನೇ ಕಂಡುಹಿಡಿದು ಪರದೆಗೆ ಬರೆಯುತ್ತದೆ. ಹದಿನೇಳರಿಂದ ಭಾಗಿಸಿದರೆ ಕೇಬಲಿನ ಉದ್ದ, ಒಂದೆರಡು ಕಿಲೋಮೀಟರ್ ಆಚೀಚೆ. ಒಂದು ದೊಡ್ಡ ಕಚೇರಿಗೆ ಎರಡು ರೂಟು ಕೊಟ್ಟಿದ್ದರು. ಒಂದು ಕಡಿದರೆ ಇನ್ನೊಂದು ಇರಲಿ ಎಂದು. ಕೇಬಲ್ ಬಾಡಿಗೆಗೆ ಕೊಟ್ಟವರ ಕಾಗದದಲ್ಲಿ ಮೊದಲನೆಯದು 58 ಕಿಲೋಮೀಟರ್, ಬೇರೆ ದಿಕ್ಕಿನಿಂದ ಸುತ್ತಿ ಬರುವ ಎರಡನೆಯದು 81. ಪರದೆಯ ಮೇಲೆ ಎರಡಕ್ಕೂ 990 ಆಸುಪಾಸು. ನಕ್ಷೆಯನ್ನು ಸುರುಳಿ ಸುತ್ತಿ ಹಿಡಿದು ಮಾತಿಗೆ ಬಂದವರ ಮುಂದೆ ನಾನು ಆ ಎರಡು ಸಂಖ್ಯೆ ಬರೆದಿಟ್ಟೆ. 81 ಕಿಲೋಮೀಟರಿಗೆ 1,380ರ ಹತ್ತಿರ ಬರಬೇಕಿತ್ತು. ಅವರು ನಕ್ಷೆ ಬಿಚ್ಚಲಿಲ್ಲ. ಎರಡನೇ ರೂಟಿಗೆ ನಿಜವಾಗಿಯೂ ಬೇರೆಯಾದ ಡಕ್ಟ್ ಹುಡುಕುವ ಕೆಲಸ ಅದೇ ವಾರ ಶುರುವಾಯಿತು.